ಪ್ರೋಗ್ರಾಂ ಹಿಡಿಯೋಕೆ ಏಜೆನ್ಸಿ ಬೇಕಾ? ನಮ್ಮ ಬ್ಯಾಂಡ್ ನಡೆಸಿಕೊಂಡು ಬಂದ ರೀತಿ

ನಮ್ಮದು ಮೈಸೂರಿನ ಬ್ಯಾಂಡ್. ಎಂಟು ಜನ ಇದ್ದೇವೆ. ಸಿನಿಮಾ ಹಾಡು, ಜನಪದ, ಭಾವಗೀತೆ ಹಾಡುತ್ತೇವೆ. ನಮ್ಮದೇ ಒಂದಿಷ್ಟು ಹಾಡುಗಳೂ ಇವೆ. ನಾನು ಕೀಬೋರ್ಡ್ ನುಡಿಸುತ್ತೇನೆ. ಡೇಟ್ ಕೊಡುವುದು, ಪೇಮೆಂಟ್ ಮಾತಾಡುವುದು ಕೂಡ ನನ್ನ ಕೆಲಸವೇ. ಹೊಸದಾಗಿ ಬ್ಯಾಂಡ್ ಕಟ್ಟಿದ ಹುಡುಗರು ಸಿಕ್ಕಾಗ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಯಾವುದಾದ್ರೂ ಏಜೆನ್ಸಿ ಹಿಡಿದರೆ ಪ್ರೋಗ್ರಾಂ ಸಿಗ್ತವಾ?"

ಸಿಗುತ್ತವೆ. ಆದರೆ ಎಲ್ಲ ಥರದ ಪ್ರೋಗ್ರಾಮೂ ಅಲ್ಲ. (ಏಜೆನ್ಸಿ ಅಂದರೆ ಕಮಿಷನ್ ತೆಗೆದುಕೊಂಡು ಬ್ಯಾಂಡ್‌ಗೆ ಪ್ರೋಗ್ರಾಂ ಹಿಡಿದುಕೊಡುವವರು.) ಕಂಪನಿ ಕಾರ್ಯಕ್ರಮ, ರೆಸಾರ್ಟ್ ಮದುವೆ, ಹೊರರಾಜ್ಯದ ಶೋ, ಇವಿಷ್ಟಕ್ಕೆ ನಾವು ಏಜೆನ್ಸಿ ಮೂಲಕ ಹೋಗುತ್ತೇವೆ. ಉಳಿದದ್ದನ್ನೆಲ್ಲ ನಾವೇ ಹಿಡಿಯುತ್ತೇವೆ.

ನಮ್ಮ ಕಡೆ ಬ್ಯಾಂಡಿನ ವರ್ಷ ಹೇಗಿರುತ್ತದೆ ನೋಡಿ. ಗಣೇಶನ ಹಬ್ಬದಿಂದ ಸೀಸನ್ ಶುರು. ಆಮೇಲೆ ದಸರಾ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಒಂದನೇ ತಾರೀಖು ಬಾವುಟ ಹಾರಿಸಿದರೂ ರಸಮಂಜರಿಯನ್ನು ತಿಂಗಳ ಕೊನೆವರೆಗೂ ಇಟ್ಟುಕೊಳ್ಳುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳು, ಮದುವೆಗಳು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ. ಆಗ ಹೊಸ ಹಾಡು ಕೂರಿಸಿಕೊಳ್ಳುತ್ತೇವೆ.

ಈ ಪ್ರೋಗ್ರಾಂಗಳನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವವರು ಯಾರು? ಬೀದಿಯ ಗಣೇಶ ಸಮಿತಿ, ಊರಿನ ಯಜಮಾನರು, ಕನ್ನಡ ಸಂಘದ ಕಾರ್ಯದರ್ಶಿ. ಇವರು ಯಾವ ಏಜೆನ್ಸಿಗೂ ಫೋನ್ ಮಾಡುವುದಿಲ್ಲ. ಶಾಮಿಯಾನದವರನ್ನೋ ಸೌಂಡ್‌ನವರನ್ನೋ ಕೇಳುತ್ತಾರೆ: "ಹೋದ ವರ್ಷ ಪಕ್ಕದ ಬಡಾವಣೆಯಲ್ಲಿ ಚೆನ್ನಾಗಿ ಹಾಡಿದವರು ಯಾರು?" ಅಲ್ಲಿ ನಮ್ಮ ಹೆಸರು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಆದ್ದರಿಂದ ಸೌಂಡ್‌ನವರ ಜೊತೆ ನಮ್ಮ ನಡವಳಿಕೆ ನನಗೆ ತುಂಬಾ ಮುಖ್ಯ. ಎಷ್ಟು ಮೈಕ್, ಎಷ್ಟು ಚಾನೆಲ್, ಎಷ್ಟು ಮಾನಿಟರ್ (ವೇದಿಕೆ ಮೇಲೆ ನಮಗೇ ಕೇಳಿಸೋಕೆ ಇಡುವ ಸ್ಪೀಕರ್) ಬೇಕು ಅಂತ ಹಿಂದಿನ ದಿನವೇ ಅವರಿಗೆ ವಾಟ್ಸ್ಆ್ಯಪ್ ಮಾಡುತ್ತೇನೆ. ಹೇಳಿದ ಹೊತ್ತಿಗೆ ಸೌಂಡ್ ಚೆಕ್‌ಗೆ ಹೋಗುತ್ತೇವೆ. ಪ್ರೋಗ್ರಾಂ ಮುಗಿದ ಮೇಲೆ ನಮ್ಮ ಹುಡುಗರು ಕೇಬಲ್ ಸುತ್ತಿ ಕೊಟ್ಟೇ ಹೊರಡುತ್ತಾರೆ. ನಮಗೆ ಅತಿ ಹೆಚ್ಚು ಪ್ರೋಗ್ರಾಂ ಕೊಡಿಸಿದವರು ಈ ಸೌಂಡ್‌ನವರೇ, ಅದೂ ಒಂದು ರೂಪಾಯಿ ಕಮಿಷನ್ ಕೇಳದೆ.

ಸರ್ಕಾರಿ ಉತ್ಸವಗಳಿಗೂ ಮಧ್ಯದವರು ಬೇಕಿಲ್ಲ. ಮೈಸೂರು ದಸರಾಗೆ ಸಾಂಸ್ಕೃತಿಕ ಉಪಸಮಿತಿಯವರು ಕಲಾವಿದರಿಂದ ಅರ್ಜಿ ಕರೆಯುತ್ತಾರೆ. ಅರಮನೆ ವೇದಿಕೆ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಚಿಕ್ಕಗಡಿಯಾರ, ಪುರಭವನ, ಕಲಾಮಂದಿರದ ವೇದಿಕೆಗಳು ಇವೆಯಲ್ಲ! ಬೇರೆ ಜಿಲ್ಲೆಯವರು ತಮ್ಮ ಊರಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಒಮ್ಮೆ ಹೋಗಿ ಬರಲಿ. ಹಣ ಬರುವುದು ಸ್ವಲ್ಪ ನಿಧಾನ. ಆದರೆ ಆ ಫೋಟೊ, ವಿಡಿಯೊ ತೋರಿಸಿ ಮುಂದೆ ಎಷ್ಟೋ ಪ್ರೋಗ್ರಾಂ ಹಿಡಿಯಬಹುದು.

ಈಗ ಏಜೆನ್ಸಿ ವಿಷಯ. ಬೆಂಗಳೂರಿನ ಕಂಪನಿಯೊಂದು ರಾಜ್ಯೋತ್ಸವ ಮಾಡುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿ ಕೆಲಸ ಮಾಡುವವರಿಗೆ ನಮ್ಮ ಬ್ಯಾಂಡ್ ಇಷ್ಟ ಇದ್ದರೂ ನೇರವಾಗಿ ಕರೆಯೋಕೆ ಆಗಲ್ಲ. ಅಕೌಂಟ್ಸ್‌ನವರು ವೆಂಡರ್ ಅಂತ ನೋಂದಣಿ ಆದವರಿಗೆ ಮಾತ್ರ ಹಣ ಕೊಡುತ್ತಾರೆ. ಪರ್ಚೇಸ್ ಆರ್ಡರ್ ಬರಬೇಕು, ಜಿಎಸ್‌ಟಿ ಬಿಲ್ ಹಾಕಬೇಕು, ಆಮೇಲೆ ಒಂದೋ ಎರಡೋ ತಿಂಗಳು ಕಾಯಬೇಕು. ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಚಿಕ್ಕ ಬ್ಯಾಂಡ್‌ಗಳ ಹತ್ತಿರ ಅದು ಇರುವುದಿಲ್ಲ. ಏಜೆನ್ಸಿಯವರು ಈ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುತ್ತಾರೆ. ಸೌಂಡ್, ಲೈಟ್, ಊಟ, ವಸತಿ, ಸಿನಿಮಾ ಹಾಡಿಗೆ ಬೇಕಾದ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕೊಟ್ಟವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಲೈಸೆನ್ಸ್, ಎಲ್ಲವನ್ನೂ ಒಂದೇ ಬಿಲ್‌ನಲ್ಲಿ ತರುತ್ತಾರೆ. ಇಷ್ಟು ಮಾಡುವವರಿಗೆ 15ರಿಂದ 20% ಕಮಿಷನ್ ಕೊಡೋಕೆ ನನಗೆ ಬೇಜಾರಿಲ್ಲ. ಅದು ಅವರ ದುಡಿಮೆ.

ನನಗೆ ಆಗದಿರುವುದು ನೆಟ್ ರೇಟ್ ಪದ್ಧತಿ. (ಇದರಲ್ಲಿ ಪಾರ್ಟಿ ಅಂದರೆ ದುಡ್ಡು ಕೊಟ್ಟು ಪ್ರೋಗ್ರಾಂ ಮಾಡಿಸುವವರು.) "ನಿಮಗೆ ಎಷ್ಟು ಬೇಕು ಹೇಳಿಬಿಡಿ, ಪಾರ್ಟಿಗೆ ಎಷ್ಟು ಹೇಳ್ತೀವೋ ಅದು ನಮಗೆ ಬಿಡಿ" ಅನ್ನುತ್ತಾರೆ. ನಾವು 80,000 ಹೇಳಿರುತ್ತೇವೆ. ಅವರು ಪಾರ್ಟಿಗೆ ಎರಡು ಲಕ್ಷ ಹೇಳಿರುತ್ತಾರೆ. ಪಾರ್ಟಿಯವರು ಎರಡು ಲಕ್ಷದ ಬ್ಯಾಂಡ್ ಅಂದುಕೊಂಡು ಕಾಯುತ್ತಿರುತ್ತಾರೆ. ಡ್ಯಾನ್ಸರ್‌ಗಳು ಎಲ್ಲಿ, ಇನ್ನೊಬ್ಬ ಗಾಯಕಿ ಎಲ್ಲಿ ಅಂತ ವೇದಿಕೆ ಪಕ್ಕದಲ್ಲೇ ನನ್ನನ್ನು ಕೇಳಿದ್ದಾರೆ. ಹೆಸರು ಕೆಡುವುದು ಯಾರದು? ನಮ್ಮದೇ ಅಲ್ವಾ? ಆದ್ದರಿಂದ ಪಾರ್ಟಿ ಕೊಡುವ ಮೊತ್ತ ನಮಗೂ ಗೊತ್ತಿರಬೇಕು, ಅದರಲ್ಲಿ ಇಷ್ಟು ಪಾಲು ನಿಮ್ಮದು, ಅಂತ ಮೊದಲೇ ಮಾತಾಡುತ್ತೇನೆ. ಒಪ್ಪದವರ ಜೊತೆ ಕೆಲಸ ಮಾಡುವುದಿಲ್ಲ.

ಇನ್ನೊಂದು ತೊಂದರೆ ಡೇಟ್ ಬ್ಲಾಕ್, ಅಂದರೆ ಪ್ರೋಗ್ರಾಂ ಪಕ್ಕಾ ಆಗುವ ಮೊದಲೇ ತಾರೀಖು ಹಿಡಿದಿಡುವುದು. ಒಂದೇ ಪಾರ್ಟಿ ಮೂರು ಏಜೆನ್ಸಿಯನ್ನು ವಿಚಾರಿಸಿರುತ್ತದೆ. ಮೂವರೂ ನಮಗೇ ಫೋನ್ ಮಾಡಿ ಅದೇ ತಾರೀಖು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ರೇಟ್ ಹೇಳಿದರೆ ಕೆಟ್ಟೆವು ಅಂತಲೇ ಲೆಕ್ಕ. ನಮ್ಮ ರೇಟ್ ಎಲ್ಲರಿಗೂ ಒಂದೇ. ಅಡ್ವಾನ್ಸ್ ಯಾರಿಂದ ಮೊದಲು ಬಂತೋ ಡೇಟ್ ಅವರದು. ಗಣೇಶನ ಸೀಸನ್‌ನಲ್ಲಂತೂ ಬಾಯಿಮಾತಿನ ಬ್ಲಾಕ್‌ಗೆ ಡೇಟ್ ಇಟ್ಟುಕೊಳ್ಳೋಕೆ ಆಗುವುದೇ ಇಲ್ಲ.

ಬೆಂಗಳೂರಿನ ಒಂದು ಏಜೆನ್ಸಿ ನಮ್ಮ ಮುಂದೆ ಒಂದು ವರ್ಷದ ಎಕ್ಸ್‌ಕ್ಲೂಸಿವ್ ಅಗ್ರಿಮೆಂಟ್ ಇಟ್ಟಿತ್ತು. ಅಂದರೆ ಇಡೀ ಕರ್ನಾಟಕದಲ್ಲಿ ನಮ್ಮ ಪ್ರೋಗ್ರಾಂ ಎಲ್ಲ ಅವರ ಮೂಲಕವೇ. ನಾವೇ ಹುಡುಕಿದ ಜಾತ್ರೆ ಪ್ರೋಗ್ರಾಂಗೂ ಅವರಿಗೆ ಪಾಲು. ಇಷ್ಟು ಶೋ ಕೊಟ್ಟೇ ಕೊಡುತ್ತೇವೆ ಅನ್ನುವ ಮಾತು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ನಾವು ಸಹಿ ಹಾಕಲಿಲ್ಲ. ಕಂಪನಿ ಕಾರ್ಯಕ್ರಮಕ್ಕೆ ಮಾತ್ರ, ಅದೂ ಅವರು ತಂದ ಪಾರ್ಟಿಗೆ ಮಾತ್ರ ಅಂತ ಬರೆದುಕೊಡಿ ಅಂದೆವು. ಸ್ವಲ್ಪ ದಿನ ಬಿಟ್ಟು ಒಪ್ಪಿದರು. ನಮ್ಮ ಕಡೆಯಿಂದಲೂ ಒಂದು ಮಾತು ಕೊಟ್ಟಿದ್ದೇವೆ. ಅವರು ಪರಿಚಯ ಮಾಡಿಸಿದ ಕಂಪನಿ ಒಂದು ವರ್ಷದೊಳಗೆ ನೇರವಾಗಿ ನಮ್ಮನ್ನು ಕರೆದರೂ ಕಮಿಷನ್ ಅವರಿಗೆ ಕೊಡುತ್ತೇವೆ. ಅವರು ತೋರಿಸಿದ ಮನೆಗೆ ಹಿಂಬಾಗಿಲಿನಿಂದ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಸೇರಿಕೊಳ್ಳೋಕೆ ಫೀಸು ಕೇಳುವವರ ಹತ್ತಿರ ಹೋಗಲೇಬೇಡಿ. ಏಜೆನ್ಸಿ ದುಡ್ಡು ಮಾಡಬೇಕಾದದ್ದು ನಮಗೆ ಪ್ರೋಗ್ರಾಂ ಕೊಟ್ಟ ಮೇಲೆ.

ಏಜೆನ್ಸಿ ಇದ್ದರೂ ಕೆಲವು ವಿಷಯ ನಾನು ಬಿಟ್ಟುಕೊಡುವುದಿಲ್ಲ. "ಸೌಂಡ್ ಇದೆ ಸರ್" ಅನ್ನುವ ಮಾತು ನಂಬಿ ಹೋದ ಕಡೆ ಡಿಜೆ ಸ್ಪೀಕರ್ ಎರಡು ನಿಲ್ಲಿಸಿದ್ದರು, ಮಾನಿಟರ್ ಒಂದೂ ಇರಲಿಲ್ಲ. ಎಂಟು ಜನ ಒಬ್ಬರಿಗೊಬ್ಬರು ಕೇಳಿಸದೆ ಹೇಗೆ ನುಡಿಸುವುದು? ಹಾಗಾಗಿ ಸೌಂಡ್‌ನವರ ನಂಬರ್ ಕೊಡದೆ ಪ್ರೋಗ್ರಾಂ ಒಪ್ಪುವುದಿಲ್ಲ. ಎರಡನೆಯದು ಟೈಮ್. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ. ಹಬ್ಬ, ಉತ್ಸವಕ್ಕೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಏಳಕ್ಕೆ ನಮ್ಮ ಪ್ರೋಗ್ರಾಂ ಅಂತ ಇರುತ್ತದೆ. ಸನ್ಮಾನ, ಭಾಷಣ ಮುಗಿಯುವಷ್ಟರಲ್ಲಿ ಒಂಬತ್ತೂವರೆ. ಹತ್ತಕ್ಕೆ ಪೊಲೀಸಿನವರು ಬಂದು ನಿಲ್ಲಿಸುತ್ತಾರೆ. "ನಾಲ್ಕೇ ಹಾಡು ಹಾಡಿದಿರಿ" ಅಂತ ಸಮಿತಿಯವರು ದುಡ್ಡು ಹಿಡಿಯುತ್ತಾರೆ. ತಡವಾದದ್ದು ನಮ್ಮಿಂದಲ್ಲದಿದ್ದರೆ ಪೂರ್ತಿ ಪೇಮೆಂಟ್ ಅಂತ ಒಂದು ಸಾಲನ್ನು ನಾನೇ ಅಗ್ರಿಮೆಂಟ್‌ಗೆ ಸೇರಿಸುತ್ತೇನೆ. ಅರ್ಧ ಅಡ್ವಾನ್ಸ್, ಉಳಿದದ್ದು ವೇದಿಕೆ ಹತ್ತುವ ಮೊದಲು. ಕಂಪನಿಯದ್ದಾದರೆ ಟಿಡಿಎಸ್ (ಪೇಮೆಂಟ್‌ನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿರುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಇದನ್ನೆಲ್ಲ ಮಾಡೋಕೆ ಬ್ಯಾಂಡಿನಲ್ಲಿ ಒಬ್ಬರು ಬೇಕು. ಬೆಂಗಳೂರಿನ ಸ್ವರಾತ್ಮ ಅನ್ನುವ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುವ ಜಿಷ್ಣು ದಾಸ್‌ಗುಪ್ತ ಬ್ಯಾಂಡಿನ ಮ್ಯಾನೇಜರ್ ಆಗಿಯೂ ಕೆಲಸ ಮಾಡಿದವರು. ಸಂಗೀತದವನಿಗೆ ವ್ಯವಹಾರ ಬರಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಏಜೆನ್ಸಿಯವರು ಮೊದಲು ಕೇಳುವುದು ಲೈವ್ ವಿಡಿಯೊ. ಸ್ಟುಡಿಯೊದಲ್ಲಿ ಮಾಡಿದ್ದಲ್ಲ, ಜನರ ಮುಂದೆ ಹಾಡಿದ್ದು. ಅದು ಇಲ್ಲದ ಬ್ಯಾಂಡನ್ನು ಅವರಾದರೂ ಏನಂತ ಮಾರುತ್ತಾರೆ? ಹೊಸಬರು ಈ ಸಲ ತಮ್ಮ ಬಡಾವಣೆಯ ಗಣೇಶ ಸಮಿತಿಯನ್ನೇ ಹೋಗಿ ಕೇಳಲಿ. ಸಿಗುವ ದುಡ್ಡು ಕಡಿಮೆಯೇ ಇರಲಿ. ಒಬ್ಬ ಗೆಳೆಯನನ್ನು ಮೊಬೈಲ್ ಕೊಟ್ಟು ಜನರ ಮಧ್ಯೆ ನಿಲ್ಲಿಸಿ. ಸೌಂಡ್‌ನವರಿಗೆ ಹೇಳಿ ಮಿಕ್ಸರ್‌ನಿಂದ ಆಡಿಯೊ ಬೇರೆ ರೆಕಾರ್ಡ್ ಮಾಡಿಸಿಕೊಳ್ಳಿ. ಎರಡನ್ನೂ ಕೂಡಿಸಿದರೆ ಎರಡು ಮೂರು ನಿಮಿಷದ ಒಳ್ಳೆಯ ವಿಡಿಯೊ ಆಗುತ್ತದೆ. ಅದನ್ನಿಟ್ಟುಕೊಂಡು ರಾಜ್ಯೋತ್ಸವಕ್ಕೆ ಮೊದಲೇ, ಸೆಪ್ಟೆಂಬರ್‌ನಲ್ಲೇ, ಏಜೆನ್ಸಿಯವರ ಹತ್ತಿರ ಹೋಗಿ. ಅಕ್ಟೋಬರ್ ಹೊತ್ತಿಗೆ ಕಂಪನಿಗಳವರು ಬ್ಯಾಂಡ್ ಗೊತ್ತು ಮಾಡಿಬಿಟ್ಟಿರುತ್ತಾರೆ.