ಬ್ರಿಟಿಷ್ ಸ್ಪೀಡ್‌ವೇ ತಂಡ ಕಟ್ಟುವ ಲೆಕ್ಕ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇಲ್ಲ, ಇರುವುದು ಒಂದೇ ಗೇರ್. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಮೆಥನಾಲ್ ಕುಡಿದು ಓಡುತ್ತದೆ. ಶೇಲ್ ಪುಡಿ ಹಾಸಿದ ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ವರು ಸವಾರರು ಎಡಕ್ಕೆ ಜಾರುತ್ತ ನಾಲ್ಕು ಸುತ್ತು ಹೊಡೆದರೆ ಒಂದು ಹೀಟ್ ಮುಗಿಯಿತು. ಹೆಚ್ಚೂಕಡಿಮೆ ಒಂದು ನಿಮಿಷದ ಕೆಲಸ. ಬ್ರಿಟನ್ನಿನಲ್ಲಿ 1929ರಿಂದಲೂ ಇದು ತಂಡಗಳ ಲೀಗ್ ಆಟ. ಆ ತಂಡವನ್ನು ಕಟ್ಟುವುದು ಹೇಗೆ, ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿನ ವಿಷಯ.

ಮೊದಲು ಪಂದ್ಯದ ಲೆಕ್ಕ. ಒಂದು ತಂಡಕ್ಕೆ ಏಳು ಸವಾರರು, ಪಂದ್ಯಕ್ಕೆ 15 ಹೀಟ್. ಪ್ರತಿ ಹೀಟಿನಲ್ಲಿ ಎರಡೂ ತಂಡದಿಂದ ಇಬ್ಬಿಬ್ಬರು. ಅಂಕ 3, 2, 1, 0. ಅಲ್ಲಿಗೆ ಹೀಟಿಗೆ 6, ಪಂದ್ಯಕ್ಕೆ 90. ಗೆಲ್ಲಲು 46 ಬೇಕು. 1ರಿಂದ 5ರವರೆಗಿನ ಸಂಖ್ಯೆಯವರು ಮುಖ್ಯ ಸವಾರರು, 6 ಮತ್ತು 7 ರಿಸರ್ವ್. ಸಾಮಾನ್ಯವಾಗಿ 1, 3, 5ನೇ ಅಂಗಿ ತಂಡದ ಬಲಿಷ್ಠರಾದ ಹೀಟ್ ಲೀಡರ್‌ಗಳಿಗೆ, 2 ಮತ್ತು 4 ಅವರ ನಂತರದ ಸೆಕೆಂಡ್ ಸ್ಟ್ರಿಂಗ್‌ಗಳಿಗೆ.

ಸರಾಸರಿಯನ್ನು ಓದುವ ಬಗೆ

ಐಪಿಎಲ್ ಹರಾಜಿನಲ್ಲಿ ಮಿತಿ ಇರುವುದು ಹಣಕ್ಕೆ. ಇಲ್ಲಿ ಮಿತಿ ಸವಾರರ ಸರಾಸರಿ ಅಂಕಕ್ಕೆ. ತಂಡದ ಸವಾರರ ಸರಾಸರಿ ಕೂಡಿದರೆ ಬರುವ ಮೊತ್ತ ಆ ವರ್ಷ ನಿಗದಿಯಾದ ಅಂಕಮಿತಿಯನ್ನು ದಾಟಬಾರದು. ಮಿತಿ ವರ್ಷದಿಂದ ವರ್ಷಕ್ಕೆ, ಮೊದಲ ದರ್ಜೆಯ ಲೀಗಾದ ಪ್ರೀಮಿಯರ್‌ಶಿಪ್ಪಿಗೂ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ಪಿಗೂ ಬದಲಾಗುತ್ತದೆ. ಸೀಸನ್ ಮುಗಿದ ಮೇಲೆ ಪ್ರವರ್ತಕರ, ಅಂದರೆ ಕ್ಲಬ್ ನಡೆಸುವವರ, ವಾರ್ಷಿಕ ಸಭೆಯಲ್ಲಿ ಅದು ತೀರ್ಮಾನವಾಗುತ್ತದೆ. ಆ ಸಂಖ್ಯೆ ಕೈಗೆ ಬರುವ ಮುಂಚೆ ಯಾವ ಸವಾರನಿಗೂ ಮಾತು ಕೊಡಬೇಡಿ.

ಸರಾಸರಿ ಲೆಕ್ಕ ಹಾಕುವುದು ಹೀಗೆ: ಗಳಿಸಿದ ಅಂಕಕ್ಕೆ ಬೋನಸ್ ಅಂಕ ಕೂಡಿಸಿ, ಓಡಿದ ಹೀಟ್‌ಗಳಿಂದ ಭಾಗಿಸಿ, ನಾಲ್ಕರಿಂದ ಗುಣಿಸಿ. ಒಬ್ಬ 24 ಹೀಟ್‌ಗಳಲ್ಲಿ 41 ಅಂಕ, 5 ಬೋನಸ್ ಗಳಿಸಿದ್ದರೆ 46 ÷ 24 × 4 = 7.67. ಎಲ್ಲ ಹೀಟನ್ನೂ ಗೆಲ್ಲುವವನಿಗೆ 12.00.

ಬೋನಸ್ ಸಿಗುವುದು ಎದುರಾಳಿಯೊಬ್ಬನನ್ನಾದರೂ ಸೋಲಿಸಿ, ತನ್ನದೇ ಜೊತೆಗಾರನ ಬೆನ್ನಿಗೆ ಮುಗಿಸಿದವನಿಗೆ. ಜೊತೆಗಾರ ಮೊದಲು, ತಾನು ಎರಡನೆಯವನು ಆದರೆ 2+1. ಎದುರಾಳಿ ಗೆದ್ದು ನಿಮ್ಮಿಬ್ಬರು ಎರಡು, ಮೂರನೇ ಸ್ಥಾನಕ್ಕೆ ಬಂದರೆ ಮೂರನೆಯವನಿಗೆ 1+1. ಈ ಅಂಕ ತಂಡದ ಖಾತೆಗೆ ಬರುವುದಿಲ್ಲ. ಸವಾರನ ಸರಾಸರಿಗೂ ಸಂಭಾವನೆಗೂ ಸೇರುತ್ತದೆ.

ಆಯ್ಕೆಯಲ್ಲಿ ತಪ್ಪು ಶುರುವಾಗುವುದು ಇಲ್ಲಿಂದಲೇ. ಮೇಲಿನ 7.67 ಬೇರೆ ದಾರಿಯಲ್ಲೂ ಬರಬಹುದು: 34 ಅಂಕ, 12 ಬೋನಸ್. ಮಿತಿಯಲ್ಲಿ ಇಬ್ಬರೂ ತಿನ್ನುವ ಜಾಗ ಒಂದೇ, ಆದರೆ 24 ಹೀಟಿಗೆ ತಂಡಕ್ಕೆ ಬಂದದ್ದರಲ್ಲಿ 7 ಅಂಕದ ವ್ಯತ್ಯಾಸ. ಎರಡನೆಯವನು ದೊಡ್ಡ ಸವಾರನೊಬ್ಬನ ಜೊತೆ ಓಡಿ ಆ ನೆರಳಿನಲ್ಲಿ ಸರಾಸರಿ ಬೆಳೆಸಿಕೊಂಡಿರಬಹುದು. ಕೆಟ್ಟ ಸವಾರ ಎಂದಲ್ಲ. ಅವನನ್ನು ತೆಗೆದುಕೊಳ್ಳುವುದಾದರೆ ಅಂಥದೇ ಜೊತೆಗಾರನನ್ನು ಒದಗಿಸಬಲ್ಲಿರಾ ಎಂದು ನೋಡಿ.

ಎರಡನೇ ಪರೀಕ್ಷೆ ತವರು ಮತ್ತು ಹೊರ ಟ್ರ್ಯಾಕಿನದು. 8.00 ಸರಾಸರಿಯವನು ತವರಿನಲ್ಲಿ 9.80, ಹೊರಗೆ 6.20 ಆಗಿದ್ದರೆ ಆ 9.80 ಹಳೆಯ ಕ್ಲಬ್ಬಿನ ಟ್ರ್ಯಾಕಿನಲ್ಲೇ ಉಳಿಯುತ್ತದೆ, ನಿಮ್ಮ ಜೊತೆ ಬರುವುದಿಲ್ಲ. ಶೆಫೀಲ್ಡ್‌ನ ಓಲರ್ಟನ್ 360 ಮೀಟರ್ ಆಸುಪಾಸಿನ ಉದ್ದದ, ವೇಗದ ಟ್ರ್ಯಾಕ್. ಪ್ಲಿಮತ್‌ನದು ಸುಮಾರು 260 ಮೀಟರಿನ ಪುಟ್ಟ ಟ್ರ್ಯಾಕ್. ಒಂದರಲ್ಲಿ ಥ್ರಾಟಲ್ ಬಿಡದೆ ಅಗಲವಾಗಿ ತಿರುಗುವವನಿಗೆ ಲಾಭ, ಇನ್ನೊಂದರಲ್ಲಿ ಗೇಟಿನಿಂದ (ಆರಂಭದ ಗೆರೆಯಿಂದ) ಹಾರಿ ಒಳಗೆರೆ ಹಿಡಿಯುವವನಿಗೆ. ಸವಾರ ನಿಮ್ಮ ಟ್ರ್ಯಾಕಿಗೆ ಎದುರಾಳಿಯಾಗಿ ಬಂದಾಗ ಏನು ಮಾಡಿದ್ದಾನೆ ಎಂದು ಹಳೆಯ ಅಂಕಪಟ್ಟಿಗಳಲ್ಲಿ ಹುಡುಕಿ. ಮೂರು ಭೇಟಿಗಳ ಅಂಕಗಳು ಇಡೀ ಸೀಸನ್ನಿನ ಸರಾಸರಿಗಿಂತ ಹೆಚ್ಚು ಹೇಳುತ್ತವೆ.

ಅಗ್ಗದ ಸರಾಸರಿಯನ್ನು ಹುಡುಕುವುದು

ಬೋನಸ್ ಬಿಟ್ಟು ನೋಡಿದರೆ 90 ಅಂಕವನ್ನು 60 ಸವಾರಿಗಳು ಹಂಚಿಕೊಳ್ಳುತ್ತವೆ. ಅಂದರೆ ಲೀಗಿನ ಸಾಧಾರಣ ಸವಾರನಿಗೆ 6.00, ಅಂಥ ಏಳು ಜನಕ್ಕೆ 42. ಬೋನಸ್ ಸೇರಿದರೆ ಇನ್ನೂ ಮೇಲೆ. ಮಿತಿ 40ರ ಸುತ್ತ ಇದ್ದರೆ ಸಾಧಾರಣ ತಂಡವೂ ತನ್ನ ಏಳು ಜನರನ್ನು ಹಾಗೇ ಉಳಿಸಿಕೊಳ್ಳಲಾಗದು. ಚಾಂಪಿಯನ್ ತಂಡವಂತೂ ಒಡೆಯಲೇಬೇಕು. ಗೆದ್ದವರ ಸರಾಸರಿ ಉಬ್ಬಿರುತ್ತದೆ. ಅಭಿಮಾನಿಗಳಿಗೆ ಇದು ಪ್ರತಿ ಚಳಿಗಾಲದ ಸಂಕಟ, ಆದರೆ ಬಡ ಕ್ಲಬ್‌ಗಳು ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಇಡೀ ಆಯ್ಕೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಹಾಳೆಯ ಮೇಲಿರುವ ಸರಾಸರಿಗಿಂತ ಮುಂದಿನ ಸೀಸನ್ನಿನಲ್ಲಿ ಹೆಚ್ಚು ಗಳಿಸುವವರು ಯಾರು? ಹುಡುಕಬೇಕಾದ ಜಾಗಗಳು ಇವು. ಹಿಂದಿನ ಸೀಸನ್ನಿನಲ್ಲಿ ಗಾಯದಿಂದ ಕುಂಟುತ್ತ ಓಡಿ ಸರಾಸರಿ ಕಳೆದುಕೊಂಡು ಈಗ ಗುಣವಾದವನು. ಆಗಸ್ಟ್, ಸೆಪ್ಟೆಂಬರಿನಲ್ಲಿ ಏರುತ್ತಿದ್ದು ಏಪ್ರಿಲ್, ಮೇ ತಿಂಗಳ ಕಳಪೆ ಅಂಕಗಳ ಭಾರ ಹೊತ್ತಿರುವ ಹುಡುಗ. ಇವನಿಗೆ ಕೊನೆಯ ಹತ್ತು ಪಂದ್ಯಗಳ ಸರಾಸರಿಯನ್ನು ಬೇರೆಯಾಗಿ ತೆಗೆಯಿರಿ. ತನಗೆ ಒಗ್ಗದ ತವರು ಟ್ರ್ಯಾಕಿನಲ್ಲಿ ಸಿಕ್ಕಿಬಿದ್ದವನು. ಜೊತೆಗೆ, ವಯಸ್ಸಾಯಿತೆಂದು ಎಲ್ಲರೂ ಕೈಬಿಟ್ಟ ಹಿರಿಯ. 2021ರ ಪೀಟರ್‌ಬರೋ ಇದಕ್ಕೆ ಒಳ್ಳೆಯ ಉದಾಹರಣೆ: ಸ್ಕಾಟ್ ನಿಕೋಲ್ಸ್, ಬ್ಯಾರ್ನೆ ಪೆಡರ್ಸನ್, ಹಾನ್ಸ್ ಆಂಡರ್ಸನ್, ಕ್ರಿಸ್ ಹ್ಯಾರಿಸ್ ಎಲ್ಲ 40ರ ಆಸುಪಾಸಿನವರು. ಆ ತಂಡ ಫೈನಲ್‌ನಲ್ಲಿ ಬೆಲ್ ವ್ಯೂ ತಂಡವನ್ನು ಸೋಲಿಸಿ ಪ್ರೀಮಿಯರ್‌ಶಿಪ್ ಗೆದ್ದಿತು. ಇಳಿದ ಸರಾಸರಿಯಲ್ಲಿ ಇಳಿಯದ ಅನುಭವ ಸಿಕ್ಕಿತ್ತು.

ಬ್ರಿಟನ್ನಿನಲ್ಲಿ ಎಂದೂ ಓಡದ ಹೊರದೇಶದವನಿಗೆ ನಿಯಮದ ಪ್ರಕಾರ ಅಂದಾಜು ಸರಾಸರಿ ಕೊಡುತ್ತಾರೆ. ಅವನು ಅದಕ್ಕಿಂತ ಮೇಲಿದ್ದರೆ ಭಾರಿ ಲಾಭ. ಆದರೆ ಪೋಲೆಂಡಿನ ಅಗಲವಾದ, ಚೊಕ್ಕವಾಗಿ ಸಿದ್ಧಪಡಿಸಿದ ಟ್ರ್ಯಾಕುಗಳಿಂದ ಬಂದವನಿಗೆ ಇಲ್ಲಿನ ಇಕ್ಕಟ್ಟಿನ ತಿರುವು, ಮಳೆಗೆ ಗುಂಡಿ ಬಿದ್ದ ಶೇಲ್ ಅಭ್ಯಾಸವಾಗಲು ತಿಂಗಳುಗಳೇ ಹಿಡಿಯುತ್ತವೆ. ಅಂಥವರು ತಂಡದಲ್ಲಿ ಒಬ್ಬರಿರಲಿ. ಇಬ್ಬರಾದರೆ ಮೇ ತಿಂಗಳಷ್ಟೊತ್ತಿಗೆ ನೀವು ಪಟ್ಟಿಯ ತಳದಲ್ಲಿರುತ್ತೀರಿ.

ಮಿತಿಯೊಳಗೆ ಹಂಚುವುದು

ಲೆಕ್ಕಕ್ಕೆ ಮಿತಿ 40.00 ಎಂದಿಟ್ಟುಕೊಳ್ಳೋಣ. ಎರಡು ತಂಡ ಬರೆದು ನೋಡಿ.

ಮೊದಲ ತಂಡ: 9.80, 8.60, 6.40, 5.20, 4.00, 3.00, 3.00
ಎರಡನೇ ತಂಡ: 8.10, 7.20, 6.30, 5.60, 5.00, 4.10, 3.70

ಎರಡರ ಮೊತ್ತವೂ ಸರಿಯಾಗಿ 40. ಮೊದಲನೆಯದು 13ನೇ ಹೀಟಿನಲ್ಲಿ ಮಿಂಚುತ್ತದೆ. ಅಲ್ಲಿ ಎರಡೂ ಕಡೆಯ 1 ಮತ್ತು 5ನೇ ಸವಾರರು ಎದುರಾಗುತ್ತಾರೆ. ಮ್ಯಾನೇಜರ್ ತನಗೆ ಬೇಕಾದ ಇಬ್ಬರನ್ನು ಇಳಿಸುವ 15ನೇ ಹೀಟಿನಲ್ಲೂ ಹಾಗೇ. ಆದರೆ 2ನೇ ಹೀಟ್ ರಿಸರ್ವ್‌ಗಳದು. ಇಬ್ಬರು 3.00 ಸವಾರರನ್ನಿಟ್ಟುಕೊಂಡು ಅಲ್ಲಿ 1-5 ಆಗಿ ಸೋತರೆ ಆ ನಾಲ್ಕು ಅಂಕ ವಾಪಸು ತರಲು ದೊಡ್ಡವರು ಒಂದು 5-1 ಹೊಡೆಯಬೇಕು. ಅದು ಪ್ರತಿ ಪಂದ್ಯದಲ್ಲೂ ಆಗುವ ಮಾತಲ್ಲ.

ಎರಡನೇ ತಂಡವೇ ವಾಸಿ. ಅದರ ಗುಟ್ಟು ಕೊನೆಯ ಮೂರು ಸಂಖ್ಯೆಗಳಲ್ಲಿದೆ. ರಿಸರ್ವ್ ಸವಾರ ಜೊತೆಗಾರರ ಬದಲಿಗೂ ಇಳಿಯಬಹುದು. ಒಂದೇ ಪಂದ್ಯದಲ್ಲಿ ಏಳು ಹೀಟಿನವರೆಗೂ ಓಡಿದವರಿದ್ದಾರೆ. 4.10 ಸರಾಸರಿಯವನು ಫಾರ್ಮಿಗೆ ಬಂದರೆ ಏಳು ಹೀಟಿನಲ್ಲಿ 12 ಅಂಕ ತರುತ್ತಾನೆ, ಮಿತಿಯಲ್ಲಿ ತಿಂದಿರುವುದು ಮಾತ್ರ 4.10. ಜೊತೆಗೆ, ಸೀಸನ್ ನಡುವೆ ಹೊಸ ಸರಾಸರಿಗಳ ಪಟ್ಟಿ ಬರುತ್ತಿರುತ್ತದೆ. ಗ್ರೀನ್ ಶೀಟ್ ಎನ್ನುತ್ತಾರೆ. ತಂಡದ ಅತಿ ಕಡಿಮೆ ಸರಾಸರಿಯ ಇಬ್ಬರು ರಿಸರ್ವ್‌ಗೆ ಇಳಿಯುತ್ತಾರೆ. 5.00, 4.10, 3.70 ಹೀಗೆ ಹತ್ತಿರ ಹತ್ತಿರ ಇದ್ದರೆ ಸೋತು ಸುಣ್ಣವಾದ ಐದನೆಯವನು ಮುಂದಿನ ಪಟ್ಟಿಗೆ ರಿಸರ್ವ್ ಆಗಿ, ಹಗುರ ಎದುರಾಳಿಗಳ ಮೇಲೆ ಅಂಕ ಕಲೆಹಾಕಿ ಚೇತರಿಸಿಕೊಳ್ಳುತ್ತಾನೆ. 

2021ರಿಂದ ಪ್ರೀಮಿಯರ್‌ಶಿಪ್ ತಂಡಗಳಲ್ಲಿ ಬ್ರಿಟಿಷ್ ಯುವಕರಿಗಾಗಿ ರೈಸಿಂಗ್ ಸ್ಟಾರ್ ಜಾಗವಿದೆ. ಕ್ಲಬ್‌ಗಳು ಕೊನೆಗೆ ತುಂಬುವ ಜಾಗ ಇದು, ಮೊದಲೇ ತುಂಬಿ. ಈ ಹುಡುಗರ ನಡುವೆ ಅಂತರ ದೊಡ್ಡದು. ಒಳ್ಳೆಯ ರೈಸಿಂಗ್ ಸ್ಟಾರ್ ಕೊಡುವ ಲಾಭವನ್ನು 8.00 ಮತ್ತು 8.50 ಸವಾರರ ನಡುವೆ ತೂಗಾಡಿ ಪಡೆಯಲಾಗುವುದಿಲ್ಲ.

2ನೇ ಅಂಗಿ ಯಾರಿಗೆ ಎಂಬುದಕ್ಕೂ ಸಮಯ ಕೊಡಿ. ಮೊದಲ ಹೀಟಿನಲ್ಲೇ ಅವನು ಎದುರಾಳಿಯ 1ನೇ ಸವಾರನ ಎದುರು ನಿಲ್ಲುತ್ತಾನೆ. ಆತ್ಮವಿಶ್ವಾಸ ಬೇಗ ಕುಸಿಯುವ ಹುಡುಗನನ್ನು ಅಲ್ಲಿಟ್ಟರೆ ಜೂನ್ ಹೊತ್ತಿಗೆ ಅವನು ಉಳಿದಿರುವುದಿಲ್ಲ. ಸಿಗುವ ಒಂದೊಂದು ಅಂಕಕ್ಕೂ ಕಿತ್ತಾಡುವ ಗಟ್ಟಿ ಹಿರಿಯನಿಗೆ ಆ ಅಂಗಿ ಕೊಡಿ. ಜೋಡಿಯಲ್ಲಿ ಒಬ್ಬ ಗೇಟರ್, ಅಂದರೆ ಆರಂಭದಲ್ಲೇ ಮುನ್ನುಗ್ಗುವವನು, ಇದ್ದರೆ ಇನ್ನೊಬ್ಬ ಹಿಂದಿನಿಂದ ಹೊರಗೆರೆಯಲ್ಲಿ ಬರುವವನಾಗಿರಲಿ. ಇಬ್ಬರಿಗೂ ಒಳಗೆರೆಯೇ ಬೇಕಾದರೆ ಮೊದಲ ತಿರುವಿನಲ್ಲಿ ಒಬ್ಬರನ್ನೊಬ್ಬರು ತಡೆಯುತ್ತಾರೆ.

ಸಹಿ ಮಾಡಿಸುವ ಮುಂಚೆ

ವಾರದ ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ಈಚಿನ ವರ್ಷಗಳಲ್ಲಿ ಪ್ರೀಮಿಯರ್‌ಶಿಪ್ ಹೆಚ್ಚಾಗಿ ಸೋಮವಾರ ಮತ್ತು ಗುರುವಾರ, ಸ್ವೀಡನ್ ಲೀಗ್ ಮಂಗಳವಾರ, ಡೆನ್ಮಾರ್ಕ್ ಬುಧವಾರ, ಪೋಲೆಂಡ್ ಶುಕ್ರವಾರ ಮತ್ತು ಭಾನುವಾರ, ವಿಶ್ವ ಚಾಂಪಿಯನ್‌ಶಿಪ್ಪಿನ ಗ್ರ್ಯಾನ್ ಪ್ರಿ ಶನಿವಾರ. ದೊಡ್ಡ ಹಣ ಪೋಲೆಂಡಿನಲ್ಲಿ. ದಿನಾಂಕ ಒಂದರ ಮೇಲೊಂದು ಬಿದ್ದರೆ ಸವಾರ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಬೇಕಿಲ್ಲ. ಬ್ರಿಟನ್ನಿನವನೇ ಆದ ಟೈ ವಾಫಿಂಡನ್ 2018ರಲ್ಲಿ ಮೂರನೇ ಸಲ ವಿಶ್ವ ಚಾಂಪಿಯನ್ ಆದಾಗ ಬ್ರಿಟಿಷ್ ಲೀಗಿನಲ್ಲಿ ಓಡುತ್ತಲೇ ಇರಲಿಲ್ಲ. ಅನೇಕ ಬ್ರಿಟಿಷ್ ಸವಾರರು ಪ್ರೀಮಿಯರ್‌ಶಿಪ್, ಚಾಂಪಿಯನ್‌ಶಿಪ್ ಎರಡರಲ್ಲೂ ಓಡುತ್ತಾರೆ. ಮಳೆಗೆ ಮುಂದೂಡಿದ ಪಂದ್ಯ ಬಂದಾಗ ಅವನ ಮೇಲೆ ಯಾವ ಕ್ಲಬ್ಬಿಗೆ ಮೊದಲ ಹಕ್ಕು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಅವನು ಬೇರೆ ಕ್ಲಬ್ಬಿನ ಆಸ್ತಿಯಾಗಿದ್ದರೆ ಆ ಕ್ಲಬ್ಬಿಗೆ ಲೋನ್ ಶುಲ್ಕ ಕೊಡಬೇಕು. 2021ರ ಜನವರಿಯಿಂದ ಯೂರೋಪಿಯನ್ ಒಕ್ಕೂಟದ ಹೊಸ ಸವಾರನಿಗೂ ವೀಸಾ ಬೇಕು. ಮಾರ್ಚಿನಲ್ಲಿ ಕಾಗದ ಕೈಗೆ ಸಿಗಬೇಕಾದರೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು.

ಸವಾರನ ವ್ಯಾನಿನೊಳಗೂ ಇಣುಕಿ ನೋಡಿ. ಬೈಕು, ಎಂಜಿನ್, ಮೆಕ್ಯಾನಿಕ್ ಎಲ್ಲ ಅವನದೇ ಖರ್ಚು; ಗಳಿಸಿದ ಅಂಕಕ್ಕೆ ತಕ್ಕ ಹಣ. ಸರಿಯಾದ ಎರಡು ಬೈಕು, ನಂಬಿಕಸ್ಥ ಮೆಕ್ಯಾನಿಕ್ ಇಲ್ಲದವನು ಎಷ್ಟೇ ಪ್ರತಿಭಾವಂತನಾದರೂ ಎಂಜಿನ್ ಕೆಟ್ಟ ವಾರ ಸೊನ್ನೆ ತರುತ್ತಾನೆ. ಸೊನ್ನೆ ತಂದವನಿಗೆ ಹಣವಿಲ್ಲ, ಹಣವಿಲ್ಲದವನು ಎಂಜಿನ್ ಟ್ಯೂನಿಂಗ್ ಮುಂದೂಡುತ್ತಾನೆ, ಮುಂದಿನ ವಾರ ಇನ್ನೂ ನಿಧಾನ. ಯುವ ಸವಾರರು ಈ ಸುಳಿಯಲ್ಲಿ ಮುಳುಗುವುದು ನೋಡಲಾಗದ ಸಂಗತಿ. ಸಂಭಾವನೆಯ ಒಂದಷ್ಟು ಭಾಗವನ್ನು ಸೀಸನ್ನಿಗೆ ಮುಂಚೆ ಎಂಜಿನ್ ಖರ್ಚಿಗೆಂದು ಕೊಡುವುದು ಕ್ಲಬ್ಬಿಗೂ ಲಾಭ.

ಸವಾರ ಗಾಯಗೊಂಡಾಗ

ಸೀಸನ್ನಿನಲ್ಲಿ ಕಾಲರ್‌ಬೋನ್ ಮುರಿಯುವುದು ಖಂಡಿತ, ಯಾರದು ಎಂಬುದಷ್ಟೇ ಪ್ರಶ್ನೆ. ಆಗ ನಿಯಮ ಒಪ್ಪುವ ಸಂದರ್ಭದಲ್ಲಿ ಎರಡು ದಾರಿ. ಒಂದು, ಗಾಯಾಳುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಸರಾಸರಿಯ ಬೇರೆ ಕ್ಲಬ್ಬಿನವನನ್ನು ಗೆಸ್ಟ್ ಆಗಿ ಕರೆಸುವುದು. ಇನ್ನೊಂದು ರೈಡರ್ ರಿಪ್ಲೇಸ್‌ಮೆಂಟ್: ಅವನ ನಾಲ್ಕು ಸವಾರಿಗಳನ್ನು ಜೊತೆಗಾರರು ತಲಾ ಒಂದರಂತೆ ಓಡುವುದು.

ಲೆಕ್ಕ ಹೀಗೆ. ಮೇಲಿನ ಎರಡನೇ ತಂಡದ 8.10 ಸವಾರ ಬಿದ್ದ. ಅವನ ಸವಾರಿಗಳನ್ನು 7.20, 6.30, 5.60, 5.00ರವರು ಹಂಚಿಕೊಂಡರೆ ನಿರೀಕ್ಷೆ 24.10 ÷ 4, ಅಂದರೆ ಸುಮಾರು 6 ಅಂಕ, ನಷ್ಟ ಎರಡು. ಮೊದಲ ತಂಡದ 9.80 ಬಿದ್ದರೂ ಉಳಿದವರಿಂದ ಬರುವುದು ಸುಮಾರು 6 ಅಂಕವೇ. ನಷ್ಟ ನಾಲ್ಕಕ್ಕೆ ಹತ್ತಿರ. ಆ ತಂಡಕ್ಕೆ ಗೆಸ್ಟ್ ಬೇಕೇ ಬೇಕು. ಆದರೆ ಅದೇ ಸೋಮವಾರ ಉಳಿದ ಕ್ಲಬ್‌ಗಳೂ ಓಡುತ್ತಿರುತ್ತವೆ, 9.80ರ ಸಮೀಪದವರು ಲೀಗಿನಲ್ಲಿ ಇರುವುದೇ ಬೆರಳೆಣಿಕೆ. ಗೆಸ್ಟ್ ಸಿಕ್ಕರೂ ನಿಮ್ಮ ಟ್ರ್ಯಾಕು ಅವನಿಗೆ ಹೊಸದಾದರೆ ಕಾಗದದ ಸರಾಸರಿ ಮುಟ್ಟುವುದು ಅಪರೂಪ. ಬಿಡುವಿನ ರಾತ್ರಿ ನಿಮ್ಮ ಟ್ರ್ಯಾಕಿನಲ್ಲಿ ಓಡಬಲ್ಲ ನಾಲ್ಕೈದು ಜನರ ಹೆಸರು, ಅವರ ಈಗಿನ ಸರಾಸರಿ ಇರುವ ಚೀಟಿ ಸದಾ ಜೇಬಿನಲ್ಲಿರಲಿ. ಹೊಸ ಗ್ರೀನ್ ಶೀಟ್ ಬಂದ ದಿನವೇ ಅದನ್ನು ತಿದ್ದಿ, ಹಳೆಯ ಸಂಖ್ಯೆ ನಂಬಿ ಕರೆಸಿದ ಗೆಸ್ಟ್ 0.01ರಷ್ಟು ಮೇಲಿದ್ದರೂ ಓಡುವಂತಿಲ್ಲ.