ದಿನವಿಡೀ ಹಾಕಬಹುದಾದ ಸಣ್ಣ ಮಂತ್ರ: ಆಟ ಕೆಡದ ಹಾಗೆ ಅಳತೆ ಹಿಡಿಯುವುದು ಹೇಗೆ?

ಜುಲೈ ಬಂತೆಂದರೆ ಕೊಡಗಿನಲ್ಲಿ ಸಂಜೆಗೆ ಮನೆಯೇ ಗತಿ. ಮಳೆ ಬಿಡುವುದಿಲ್ಲ, ಕರೆಂಟ್ ಇರುವುದಿಲ್ಲ. ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಆಗ ಐದಾರು ಜನ ಚಾರ್ಜರ್ ಲೈಟ್ ಇಟ್ಟುಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಕಥೆಯಾಟ ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಕಷ್ಟದ ಕೆಲಸಕ್ಕೆ ಕೈಹಾಕಿದರೆ 20 ಮುಖದ ದಾಳ ಉರುಳಿಸಬೇಕು. ಕಥೆ ನಡೆಸುವುದು ಹೆಚ್ಚಾಗಿ ನಾನು.

ಈ ಆಟದಲ್ಲಿ ದೊಡ್ಡ ಮಂತ್ರಗಳಿಗೆ ದಿನದ ಲೆಕ್ಕ ಇರುತ್ತದೆ. ಕ್ಯಾಂಟ್ರಿಪ್ ಅನ್ನುವ ಸಣ್ಣ ಮಂತ್ರಗಳಿಗೆ ಲೆಕ್ಕವೇ ಇಲ್ಲ, ಎಷ್ಟು ಸಲ ಬೇಕಾದರೂ ಹಾಕಬಹುದು. ಮೊದಲು ಹೀಗಿರಲಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಹೊಸ ಮಂತ್ರಗಾರನಿಗೆ ದಿನಕ್ಕೆ ಸಿಗುತ್ತಿದ್ದದ್ದು ಮೂರೇ ಸಣ್ಣ ಮಂತ್ರ. ಅದು ಮುಗಿದರೆ ಅವನೂ ಬಿಲ್ಲು ಹಿಡಿಯಬೇಕು. ಆ ಆವೃತ್ತಿಯ ನಿಯಮದಿಂದಲೇ ಹುಟ್ಟಿದ ಪಾತ್‌ಫೈಂಡರ್ ಅನ್ನುವ 2009ರ ಇನ್ನೊಂದು ಆಟ ಮತ್ತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನದೇ 2014ರ ಐದನೇ ಆವೃತ್ತಿ ಈ ಮಿತಿಯನ್ನು ತೆಗೆದವು. ಒಳ್ಳೆಯದೇ ಆಯಿತು. ಮಂತ್ರಗಾರ ಅಂದಮೇಲೆ ಮಂತ್ರ ಹಾಕಬೇಕು ಅಲ್ವಾ? ಆದರೆ ನೀವೇ ಹೊಸ ಸಣ್ಣ ಮಂತ್ರ ಕಟ್ಟುವುದಾದರೆ, ಅಥವಾ ಇರುವುದನ್ನು ನಿಮ್ಮ ಕಥೆಗೆ ಹೊಂದಿಸುವುದಾದರೆ, ಅಳತೆ ತಪ್ಪುವ ಜಾಗಗಳು ಗೊತ್ತಿರಬೇಕು.

ಮೊದಲು 600ರಿಂದ ಗುಣಿಸಿ

ಆಟದಲ್ಲಿ ಒಂದು ಸುತ್ತು ಅಂದರೆ ಆರು ಸೆಕೆಂಡ್. ಸುತ್ತಿಗೊಂದು ಮಂತ್ರದಂತೆ ಗಂಟೆಗೆ 600 ಮಂತ್ರ. ಯಾವ ಸಣ್ಣ ಮಂತ್ರವನ್ನೇ ಆಗಲಿ ಈ ಗುಣಾಕಾರ ಮಾಡದೆ ಒಪ್ಪಬೇಡಿ. ನಾನು ಒಪ್ಪಿ ಪೇಚಿಗೆ ಸಿಕ್ಕಿದ್ದೇನೆ.

ಫೆಬ್ರವರಿಯಲ್ಲಿ ಕೆರೆ ಬತ್ತಿದ ಒಂದು ಊರಿನ ಕಥೆ ಕಟ್ಟಿದ್ದೆ. ಮೇಲಿನ ತೋಟದವನು ತೋಡಿಗೆ ಅಡ್ಡ ಕಟ್ಟಿದ್ದಾನೆ. ಅವನ ಹತ್ತಿರ ಮಾತಾಡಬೇಕು, ಜಗಳವಾಡಬೇಕು, ಏನೋ ಒಂದು ರಾಜಿ ಆಗಬೇಕು. ಮೂರು ವಾರ ಕೂತು ಬರೆದದ್ದು. ಆಡುತ್ತಿದ್ದದ್ದು ಪಾತ್‌ಫೈಂಡರ್ ನಿಯಮದಲ್ಲಿ. ಸಿದ್ದಾಪುರ ಕಡೆಯ ಬೆಳೆಗಾರರ ಮನೆ ಹುಡುಗಿಯೊಬ್ಬಳು ಅರ್ಚಕಿಯ ಪಾತ್ರ ಹಿಡಿದಿದ್ದಳು. ಅವಳ ಹತ್ತಿರ ನೀರು ಬರಿಸುವ ಸಣ್ಣ ಮಂತ್ರ ಇತ್ತು.

"ಅಣ್ಣ, ಈ ಊರಿಗೆ ನೀರು ತಾನೇ ಬೇಕಾಗಿರೋದು? ನಾನು ಹಾಕ್ತೀನಿ."

"ಎಷ್ಟು ಅಂತ ಹಾಕ್ತೀಯಮ್ಮ?"

ಅವಳು ಫೋನಿನಲ್ಲಿ ಲೆಕ್ಕ ತೆಗೆದಳು. ಒಂದನೇ ಲೆವೆಲ್‌ನಲ್ಲಿ ಒಂದು ಮಂತ್ರಕ್ಕೆ ಎರಡು ಗ್ಯಾಲನ್, ಅಂದರೆ ಸುಮಾರು ಏಳೂವರೆ ಲೀಟರ್. ಗಂಟೆಗೆ 600 ಸಲ ಹಾಕಿದರೆ 4,500 ಲೀಟರ್. ಒಂದು ಟ್ಯಾಂಕರ್ ನೀರು! ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಹೇಳುತ್ತಾರೆ. ಅವಳ ತಲೆಯಲ್ಲೂ ಅದೇ ಇತ್ತು. ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ. "ಇಪ್ಪತ್ಮೂರು ಗಂಟೇಲಿ ಒಂದು ಎಕರೆ ರೋಬಸ್ಟಾ ಕಾಫಿಗೆ ಹೂ ಅರಳಿಸೋ ಮಳೆ ಆಯ್ತಣ್ಣ. ಸ್ಪ್ರಿಂಕ್ಲರ್ ಬೇಡ, ಡೀಸೆಲ್ ಬೇಡ."

ಕುಡಿಯದೆ ಬಿಟ್ಟ ನೀರು ಒಂದು ದಿನಕ್ಕೆ ಮಾಯವಾಗುತ್ತದೆ ಅಂತ ನಿಯಮ ತೋರಿಸಿದೆ. "ಗಿಡ ಕುಡೀತಲ್ಲಣ್ಣ!" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರದ ಕಥೆ ಹತ್ತು ನಿಮಿಷಕ್ಕೆ ಮುಗಿಯಿತು.

ಆಟ ಮಾಡಿದವರೇ ಒಂದು ಕಡೆ ಈ ಗುಣಾಕಾರ ಮಾಡಿದ್ದಾರೆ. ಮೂರನೇ ಆವೃತ್ತಿಯಲ್ಲಿ ಒಂದೇ ಒಂದು ಅಂಕ ಗಾಯ ವಾಸಿ ಮಾಡುವ ಸಣ್ಣ ಮಂತ್ರ ಇತ್ತು. ದಿನಕ್ಕೆ ಮೂರು ಸಲವಾದರೆ ಅದು ಲೆಕ್ಕಕ್ಕೇ ಇಲ್ಲ. ಮಿತಿ ತೆಗೆದರೆ ನಿಮಿಷಕ್ಕೆ ಹತ್ತು ಅಂಕ, ಅರ್ಧ ಗಂಟೆಯಲ್ಲಿ ಇಡೀ ತಂಡ ಗಟ್ಟಿಮುಟ್ಟು. ಅದಕ್ಕೇ ಪಾತ್‌ಫೈಂಡರ್ ಆ ಮಂತ್ರವನ್ನು ಕೈಬಿಟ್ಟಿತು. ಬದಲಿಗೆ ಸಾಯುತ್ತಿರುವವನ ಜೀವ ಹಿಡಿದು ನಿಲ್ಲಿಸುವ ಮಂತ್ರ ಕೊಟ್ಟಿತು. ಐದನೇ ಆವೃತ್ತಿ ಇನ್ನೂ ಮುಂದೆ ಹೋಗಿ, ನೀರಿನ ಮಂತ್ರವನ್ನೇ ಲೆಕ್ಕವಿರುವ ಮಂತ್ರಗಳ ಸಾಲಿಗೆ ಸೇರಿಸಿತು.

ಹೊಡೆದಾಟದ ಲೆಕ್ಕ ಸುಲಭ

ಹೊಸಬರು ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೆಂಕಿಯ ಮಂತ್ರದ ಬಗ್ಗೆ. ಅಷ್ಟು ಬೇಕಿಲ್ಲ. ಐದನೇ ಆವೃತ್ತಿಯ ಫೈರ್ ಬೋಲ್ಟ್ ತಗಲಿದರೆ 10 ಮುಖದ ಒಂದು ದಾಳದಷ್ಟು ಪೆಟ್ಟು, ಸರಾಸರಿ 5.5. ಉದ್ದ ಬಿಲ್ಲಿನ ಬಾಣಕ್ಕೆ 8 ಮುಖದ ದಾಳ, ಜೊತೆಗೆ ಕೈಚಳಕದ ಮೂರು ಅಂಕ, ಸರಾಸರಿ 7.5. ಐದನೇ ಲೆವೆಲ್‌ನಲ್ಲಿ ಮಂತ್ರಕ್ಕೆ ಎರಡು ದಾಳ ಸಿಗುತ್ತದೆ, ಸರಾಸರಿ 11. ಯೋಧನೂ ಆಗ ಎರಡು ಬಾಣ ಬಿಡುತ್ತಾನೆ, ಎರಡೂ ತಗಲಿದರೆ 15. ನಿಮ್ಮ ಹೊಸ ಮಂತ್ರವನ್ನು ಹೀಗೇ ಬಾಣದ ಪಕ್ಕ ಇಟ್ಟು ನೋಡಿ. ಬಾಣಕ್ಕಿಂತ ಸ್ವಲ್ಪ ಕೆಳಗಿದ್ದರೆ ಸಾಕು.

ಮಿತಿಯನ್ನು ಮಂತ್ರದ ಒಳಗೇ ಇಡಿ

"ದಿನಕ್ಕೆ ಐದು ಸಲ" ಅಂತ ಬರೆದುಬಿಟ್ಟರೆ ಮತ್ತೆ ಹಳೇ ಕಥೆ. ಆಟಗಾರರು ಮಂತ್ರ ಉಳಿಸಿಕೊಂಡು ಕೂರುತ್ತಾರೆ, ಹಾಕುವುದೇ ಇಲ್ಲ. ಎಣಿಕೆ ಬಿಡಿ. ಬೇರೆ ದಾರಿಗಳಿವೆ.

ಬೆಳಕಿನ ಮಂತ್ರ ನೋಡಿ. 20 ಅಡಿ ಚೆನ್ನಾಗಿ ಕಾಣುತ್ತದೆ, ಇನ್ನೊಂದು 20 ಅಡಿ ಮಬ್ಬು, ಒಂದು ಗಂಟೆ ಉರಿಯುತ್ತದೆ. ಎರಡನೇ ಸಲ ಹಾಕಿದರೆ ಮೊದಲಿನದು ಆರುತ್ತದೆ. ಹಾಗಾಗಿ ಇಡೀ ಊರಿಗೆ ದೀಪ ಹಚ್ಚಲು ಆಗುವುದಿಲ್ಲ. ಮುರಿದದ್ದನ್ನು ಕೂಡಿಸುವ ಮಂತ್ರಕ್ಕೆ ಪೂರ್ತಿ ಒಂದು ನಿಮಿಷ ಬೇಕು. ಹೊಡೆದಾಟದ ಮಧ್ಯೆ ಒಂದು ನಿಮಿಷ ಅಂದರೆ ಹತ್ತು ಸುತ್ತು, ಅಷ್ಟು ಹೊತ್ತು ಯಾರು ಬಿಡುತ್ತಾರೆ?

ತಲೆನೋವು ಅಂದರೆ ಗೈಡೆನ್ಸ್. ಹೊಡೆತ ಬಿಟ್ಟು ಗೆಳೆಯನ ಯಾವ ಕೌಶಲದ ಪ್ರಯತ್ನಕ್ಕಾದರೂ 4 ಮುಖದ ದಾಳ ಸೇರಿಸಿಕೊಡುವ ಮಂತ್ರ ಅದು. ಸರಾಸರಿ ಎರಡೂವರೆ ಅಂಕ, ದೊಡ್ಡದೇನಲ್ಲ. ಆದರೆ ಬಾಗಿಲು ತೆಗೆಯುವಾಗ, ಗೋಡೆ ಹತ್ತುವಾಗ, ಪ್ರತಿ ಸಲವೂ "ತಡೀರಿ, ನಾನು ಮಂತ್ರ ಹಾಕ್ತೀನಿ" ಅನ್ನುವ ಮಾತು ಕೇಳಬೇಕು. ಆಟದ ಓಟವೇ ನಿಲ್ಲುತ್ತದೆ. 2024ರ ಪರಿಷ್ಕರಣೆಯಲ್ಲಿ ಯಾವ ಕೌಶಲಕ್ಕೆ ಅಂತ ಮೊದಲೇ ಹೇಳಬೇಕು ಅಂತ ಮಾಡಿದ್ದಾರೆ. ನಮ್ಮಲ್ಲಿ ಇನ್ನೊಂದನ್ನು ಪಾಲಿಸುತ್ತೇವೆ. ಮಂತ್ರವನ್ನು ಬಾಯಿಬಿಟ್ಟೇ ಹೇಳಬೇಕು, ಹತ್ತಿರ ಇದ್ದವರಿಗೆಲ್ಲ ಕೇಳಿಸುತ್ತದೆ. ಪಂಚಾಯಿತಿ ಕಟ್ಟೆ ಮೇಲೆ ಮಾತಿನ ನಡುವೆ ಮಂತ್ರ ಗುನುಗಿದರೆ ಎದುರಿನವನು ಸುಮ್ನೆ ಇರುತ್ತಾನಾ?

ನಿಮ್ಮ ಕಥೆಗೆ ಯಾವುದು ಜೀವ ಅಂತ ನೋಡಿ

ಕತ್ತಲೆ ಗುಹೆಯ ಕಥೆಯಾದರೆ ಬೆಳಕಿನ ಮಂತ್ರವನ್ನು ಬಿಗಿ ಮಾಡಿ. ಬರದ ಕಥೆಯಾದರೆ ನೀರನ್ನು. ಉಳಿದದ್ದನ್ನು ಧಾರಾಳವಾಗಿ ಬಿಡಿ. ಬದಲಾಯಿಸುವ ಮೊದಲು ಆ ಪಾತ್ರದವರಿಗೆ ತಿಳಿಸಿ, ಬೇಡವೆಂದರೆ ಬೇರೆ ಮಂತ್ರ ಆರಿಸಿಕೊಳ್ಳಲು ಬಿಡಿ. ಹೇಳದೆ ಕೇಳದೆ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ.

ನಾನು ನೀರಿನ ಮಂತ್ರಕ್ಕೆ ಒಂದೇ ಸಾಲು ಸೇರಿಸಿದೆ: ನೀರು ಶೂನ್ಯದಿಂದ ಬರುವುದಿಲ್ಲ, ಅರ್ಧ ಮೈಲಿ ಒಳಗೆ ಇರುವ ನೀರೇ ಬರುತ್ತದೆ. ಆ ಹುಡುಗಿಗೂ ಹೇಳಿದೆ, ಒಪ್ಪಿದಳು. ಅದೇ ಊರನ್ನು ಮತ್ತೆ ಶುರುಮಾಡಿದೆವು. ಅವಳು ರಾತ್ರಿಯೆಲ್ಲ ಮಂತ್ರ ಹಾಕಿ ದೇವಸ್ಥಾನದ ತೊಟ್ಟಿ ತುಂಬಿಸಿದಳು. ಬೆಳಗ್ಗೆ ಕೆಳಗಿನ ಕೇರಿಯ ಅಜ್ಜಿಯೊಬ್ಬಳು ಖಾಲಿ ಕೊಡ ಹಿಡಿದು ಬಂದು ನಿಂತಳು. "ನಮ್ಮ ಬಾವಿಗೆ ಹಗ್ಗ ಸಾಲ್ತಿಲ್ಲ ಮಗಾ. ನಿನ್ನೆವರೆಗೂ ಸಾಲ್ತಿತ್ತು."

ಹುಡುಗಿ ಕೈಯಲ್ಲಿದ್ದ ದಾಳ ಕೆಳಗಿಟ್ಟಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಹೆಂಚಿನ ಮೇಲೆ ಮಳೆ ಸದ್ದು ಮಾತ್ರ. ಆಮೇಲೆ ಕೇಳಿದಳು: "ಅಣ್ಣ, ಆ ಮೇಲಿನ ತೋಟದವನ ಕೆರೆ ಇಲ್ಲಿಂದ ಎಷ್ಟು ದೂರ?"