ಟಿಫನ್ ಡಬ್ಬಿ ಮುಚ್ಚಳದ ಸುತ್ತ ಹನ್ನೊಂದು ಸಹಿ

2016ರ ಏಪ್ರಿಲ್‌ನಲ್ಲಿ ನಾನೂ ಹೊಸೂರು ರಸ್ತೆಯಲ್ಲಿ ಕೂತಿದ್ದೆ. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಮಂದಿ ಮಿಷನ್ ಬಿಟ್ಟು ರಸ್ತೆಗೆ ಬಂದೆವು. ಏಪ್ರಿಲ್ 19ಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ದೆಹಲಿಯನ್ನೇ ಬಗ್ಗಿಸಿದೆವು ಅಂತ ಬೀಗುತ್ತಾ ಮನೆಗೆ ಬಂದವಳು ನಾನು. ಕೆಲಸ ಶುರುವಾದ ಮೊದಲ ದಿನವೇ ಸೂಪರ್‌ವೈಸರ್ "ಏಯ್, ಬಾಯಿ ಮುಚ್ಕೊಂಡು ಪೀಸ್ ಹಾಕು" ಅಂದ. ಬಾಯಿ ಮುಚ್ಚಿಕೊಂಡು ಕಾಲರ್ ಹೊಲಿದೆ.

ಸಾವಿರ ಜನರ ಜೊತೆ ಕೂಗೋದು ಬೇರೆ, ಒಬ್ಬಳೇ ಎದ್ದು ನಿಂತು ಕೇಳೋದು ಬೇರೆ ಅಲ್ವಾ?

ನಮ್ಮ ಲೈನಿನಲ್ಲಿ ಕಷ್ಟಗಳಿಗೇನೂ ಕೊರತೆ ಇರಲಿಲ್ಲ. ಟಾರ್ಗೆಟ್ ಮುಗಿಯಲಿಲ್ಲ ಅಂತ ಸಂಜೆ ಮುಕ್ಕಾಲು ಗಂಟೆ ಕೂರಿಸುತ್ತಿದ್ದರು, ಅದಕ್ಕೆ ದುಡ್ಡಿಲ್ಲ. ಕೆಲಸದ ಲೋಡ್ ಇಲ್ಲದ ದಿನ ಮನೆಗೆ ಕಳಿಸಿ, ಆಮೇಲೆ ಭಾನುವಾರ ಕರೆಸಿ "ಕಾಂಪ್ ಆಫ್ ಕೊಟ್ಟಿದ್ವಲ್ಲ" ಅನ್ನುತ್ತಿದ್ದರು, ಅಂದರೆ ಭಾನುವಾರದ ಬದಲಿ ರಜೆ ಮೊದಲೇ ಕೊಟ್ಟಾಗಿದೆ ಅಂತ. ಟಾಯ್ಲೆಟ್‌ಗೆ ಹೋದರೆ ಗಡಿಯಾರ ನೋಡುತ್ತಿದ್ದರು. ಬೈಗುಳದ ಬಗ್ಗೆ ಇಲ್ಲಿ ಬರೆಯೋದೇ ಬೇಡ.

ನನ್ನ ಮೊದಲ ದೂರು ಪೂರಾ ಕೆಟ್ಟುಹೋಯಿತು. ಸಿಟ್ಟಿನಲ್ಲಿ ಎರಡು ಪುಟ ಬರೆದೆ. ಓಟಿ, ಬೈಗುಳ, ಟಾಯ್ಲೆಟ್, ಫ್ಯಾನು, ಕುಡಿಯುವ ನೀರು ಎಲ್ಲಾ ತುಂಬಿಸಿದೆ. ಎಚ್‌ಆರ್ ಮೇಡಂ ಓದಿ, ನಕ್ಕು, ತೆಗೆದಿಟ್ಟುಕೊಂಡರು. ಮೂರು ದಿನ ಬಿಟ್ಟು ಫ್ಲೋರಿಗೆ ಹೊಸ ನೀರಿನ ಕ್ಯಾನ್ ಬಂತು. "ನಿಮ್ಮ ಕಂಪ್ಲೇಂಟ್ ಸಾಲ್ವ್ ಆಯ್ತಲ್ಲಮ್ಮ" ಅಂದರು. ಹತ್ತು ವಿಷಯ ಕೇಳಿದರೆ ಎಲ್ಲಕ್ಕಿಂತ ಅಗ್ಗದ್ದನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದರ ನಕಲು ಕೂಡ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಮಗನ ಹಳೇ ನೋಟ್‌ಬುಕ್‌ನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆದಿಡೋಕೆ ಶುರು ಮಾಡಿದೆ. ತಾರೀಖು, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಯಾರು ಏನಂದರು. ಯಾರ ಮೇಲೂ ಟೀಕೆ ಇಲ್ಲ, ಬರೀ ನಡೆದದ್ದು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಬರೆಯೋಕೆ ಎರಡು ನಿಮಿಷ ಸಾಕಾಗುತ್ತಿತ್ತು.

2018ರಲ್ಲಿ ಒಂದು ದಿನ ಪಿಎಫ್ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟೆ. ಯುಎಎನ್‌ಗೆ, ಅಂದರೆ ಪಿಎಫ್‌ನಲ್ಲಿ ಒಬ್ಬೊಬ್ಬರಿಗೂ ಇರುವ ಗುರುತಿನ ನಂಬರಿಗೆ, ಜೋಡಿಸಿದ ಮೊಬೈಲಿನಿಂದ ಕೊಟ್ಟರೆ ಎಸ್ಸೆಮ್ಮೆಸ್ ಬರುತ್ತದೆ. ಕೊನೆಯ ಸಲ ದುಡ್ಡು ಕಟ್ಟಿದ್ದು ಏಳು ತಿಂಗಳ ಹಿಂದೆ ಅಂತ ಅದರಲ್ಲಿತ್ತು. ಪೇಸ್ಲಿಪ್‌ನಲ್ಲಿ ನೋಡಿದರೆ ತಿಂಗಳು ತಿಂಗಳೂ 960 ರೂಪಾಯಿ ಹಿಡಿದಿದ್ದಾರೆ. ಅಂದರೆ ಎಂಟು ಸಾವಿರಕ್ಕೆ ನೂರಕ್ಕೆ 12ರಂತೆ. ಏಳು ತಿಂಗಳಿಗೆ ನನ್ನ ಪಾಲೇ 6,720. ಅವರ ಪಾಲು ಬೇರೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ನಮ್ಮ ಸಂಬಳದಿಂದ ಹಿಡಿದು ಕಟ್ಟದೇ ಇದ್ದರೆ ಅದು ನಂಬಿಕೆದ್ರೋಹದ ಅಪರಾಧ. ಇದು ನನಗೆ ಆಮೇಲೆ ಪಿಎಫ್ ಆಫೀಸಿನಲ್ಲಿ ಗೊತ್ತಾಯಿತು.

ಈ ಸಲ ಪತ್ರ ಐದೇ ಸಾಲು. ಪಿಎಫ್ ಬಿಟ್ಟು ಬೇರೆ ಮಾತಿಲ್ಲ. ಯಾವ ತಿಂಗಳು ಎಷ್ಟು ಹಿಡಿದಿದ್ದೀರಿ, ಯಾವಾಗ ಕಟ್ಟುತ್ತೀರಿ, ಹದಿನೈದು ದಿನದಲ್ಲಿ ಬರವಣಿಗೆಯಲ್ಲಿ ತಿಳಿಸಿ. ಕಷ್ಟವಾದದ್ದು ಸಹಿ. ಲೈನಿನಲ್ಲಿ ಹನ್ನೊಂದು ಜನ ಒಪ್ಪಿದರು, ಆದರೆ ಮೊದಲು ಯಾರು ಹಾಕೋದು? ಮೊದಲ ಹೆಸರಿನವಳನ್ನೇ ಮುಖಂಡಳು ಅಂದುಕೊಂಡು ಹಿಡಿಯುತ್ತಾರೆ. ನಮ್ಮಲ್ಲಿ ಎಲ್ಲರಿಗಿಂತ ದೊಡ್ಡವಳಾದ ಅಕ್ಕ ಊಟದ ಡಬ್ಬಿಯ ಮುಚ್ಚಳ ಹಾಳೆ ಮೇಲೆ ಇಟ್ಟು ಸುತ್ತ ಗೀರು ಎಳೆದಳು. "ಇದರ ಸುತ್ತ ಹಾಕ್ರೇ, ಮೊದಲೂ ಇಲ್ಲ ಕೊನೆಯೂ ಇಲ್ಲ." ಹಾಳೆಯಲ್ಲಿ ಸ್ವಲ್ಪ ಸಾರಿನ ಕಲೆ ಬಿತ್ತು. ಹಾಗೇ ಕೊಟ್ಟೆವು.

ನಕಲಿನ ಮೇಲೆ ಸೀಲು ಹಾಕಿ ಅಂದರೆ ಎಚ್‌ಆರ್‌ನಲ್ಲಿ ಒಪ್ಪಲಿಲ್ಲ. ಜಗಳ ಮಾಡಲಿಲ್ಲ. ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿದೆ, ಪತ್ರ ತಲುಪಿತು ಅಂತ ಸಹಿ ಹಾಕಿಸಿಕೊಂಡು ಬರುವ ಎಡಿ ಕಾರ್ಡ್ ಸಮೇತ. ಆ ಕಾರ್ಡು ಸಹಿಯಾಗಿ ವಾಪಸ್ ಬಂದ ದಿನ ನನಗೆ ಸಂಬಳ ಬಂದಷ್ಟೇ ಖುಷಿ. ಹದಿನೈದು ದಿನ ಕಳೆದರೂ ಉತ್ತರ ಇಲ್ಲ. ಒಂದು ರಜೆ ಹಾಕಿ ಪಾಸ್‌ಬುಕ್ ಪ್ರಿಂಟು, ಏಳು ಪೇಸ್ಲಿಪ್, ಆ ಕಾರ್ಡು ತೆಗೆದುಕೊಂಡು ಪಿಎಫ್ ಆಫೀಸಿಗೆ ಹೋದೆ. ಅಲ್ಲಿ ದೂರಿಗೆ ಒಂದು ನಂಬರ್ ಕೊಟ್ಟರು. ಆ ನಂಬರ್ ಬಹಳ ಮುಖ್ಯ, ಕಳೆಯಬೇಡಿ. ಮೂರನೇ ತಿಂಗಳಿಗೆ ಬಾಕಿ ಪೂರ್ತಿ ಬಂತು.

ಆ ನಡುವೆ ನನ್ನನ್ನು ಮಿಷನ್‌ನಿಂದ ಎಬ್ಬಿಸಿ ದಾರ ಕತ್ತರಿಸೋಕೆ ಹಾಕಿದರು. ಅಳು ಬಂತು, ಸುಳ್ಳು ಹೇಳಲ್ಲ. ಅದಕ್ಕೂ ಒಂದು ಚೀಟಿ ಬರೆದೆ: "ಟೈಲರ್ ಕೆಲಸದಿಂದ ತೆಗೆದ ಕಾರಣ ಬರವಣಿಗೆಯಲ್ಲಿ ಕೊಡಿ." ಒಂಬತ್ತು ದಿನಕ್ಕೆ ಕಾಲರ್ ಮಿಷನ್ ವಾಪಸ್ ಸಿಕ್ಕಿತು.

ಓಟಿ ಅರ್ಧ ಗೆದ್ದೆ ಅನ್ನಬಹುದು. ಆಗಿದ್ದ ಕಾರ್ಖಾನೆ ಕಾಯ್ದೆ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಕೂಲಿ ಕೊಡಬೇಕಿತ್ತು. 2025ರ ನವೆಂಬರ್ 21ಕ್ಕೆ ಅದರ ಬದಲು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಓಟಿಗೆ ಎರಡು ಪಟ್ಟೇ ಇದೆ. ಆಗಿನ ನನ್ನ ಎಂಟು ಸಾವಿರದ ಲೆಕ್ಕಕ್ಕೆ ಎರಡು ಪಟ್ಟು ಅಂದರೆ ಗಂಟೆಗೆ ಸುಮಾರು 77 ರೂಪಾಯಿ ಆಗುತ್ತಿತ್ತು. ನೋಟ್‌ಬುಕ್ ತೋರಿಸಿ ಕೇಳಿದ ಮೇಲೆ ದುಡ್ಡು ಕೊಡೋಕೆ ಶುರು ಮಾಡಿದರು. ಆದರೆ ಒಂದೇ ಪಟ್ಟು. ಜೊತೆಯವರು "ಇಷ್ಟಾದರೂ ಬಂತಲ್ಲ, ಬಿಡು" ಅಂದರು. ಬಿಟ್ಟೆ. ಬಿಡಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಬೈಗುಳಕ್ಕೆ ಮಾತ್ರ ಪತ್ರ ಬರೆಯಲಿಲ್ಲ. ಒಂದು ದಿನ ಸೂಪರ್‌ವೈಸರ್ ಶುರು ಮಾಡಿದಾಗ ನೋಟ್‌ಬುಕ್ ತೆಗೆದು, ಪೆನ್ನು ಹಿಡಿದು, "ಸಾರ್, ಈಗೇನಂದ್ರಿ? ಇನ್ನೊಂದ್ಸಲ ಹೇಳಿ, ಬರ್ಕೋತೀನಿ" ಅಂದೆ. ಕೈ ನಡುಗುತ್ತಿತ್ತು. ಅವನು ಸುಮ್ನೆ ಪಕ್ಕದ ಲೈನಿಗೆ ಹೋಗಿ ಅಲ್ಲಿ ಕೂಗಿದ. ಅಲ್ಲಿದ್ದವಳು ಒಡಿಶಾದಿಂದ ಬಂದ ಹುಡುಗಿ. ಅವಳಿಗೆ ಕನ್ನಡದಲ್ಲಿ ಬೈಗುಳ ಮಾತ್ರ ಅರ್ಥವಾಗುತ್ತಿತ್ತು. ಊಟದ ಬಿಡುವಿನಲ್ಲಿ ಅವಳ ಮೊಬೈಲ್ ಇಸಿದುಕೊಂಡು, ಮಿಸ್ಡ್ ಕಾಲ್ ಕೊಡೋದು ಹೇಗೆ ಅಂತ ಕೈಸನ್ನೆಯಲ್ಲೇ ತೋರಿಸಿದೆ.